ಹನ್ನೆರಡು ಇಂಚಿನ ಪದ

ಭಾಗ್ಯನಗರದ ಗೇಟು ದಾಟಿ ಎಡಕ್ಕ ಹೊಳ್ಳಿದ್ರ
ಪಂಪಣ್ಣನ ಗೋದಾಮು.
ಗೋಣಿಚೀಲದಿಂದ ಕೂದಲಿನ ಉಂಡಿ ಸುರೀತಾರ,
ನಾವು ಹದಿನಾಲ್ಕು ಮಂದಿ ದಬ್ಬಣ ಹಿಡದು
ಸಿಕ್ಕು ಬಿಡಸ್ತೀವಿ.
ಯಾರ ತಲಿ, ಯಾವ ಊರು, ಯಾವ ಹರಕಿ,
ಒಂದೂ ಗೊತ್ತಿಲ್ಲ.
ಆರು ಇಂಚು, ಎಂಟು, ಹನ್ನೆರಡು.
ಗೊತ್ತಿರೂದು ಅಳತಿ ಅಷ್ಟ.

ಅಳತಿಯ ಹಳೇ ಚೀಟಿ, ಬೆನ್ನು ಖಾಲಿ ಇದ್ದವು,
ಉಡಿಯಾಗ ಕಟಗೊಂಡು ಬಂದು ದಾಕ್ಷಿಗೆ ಕೊಟ್ಟೆ.
ಪ್ರವೇಶ ಪರೀಕ್ಷೆಗೆ ನಲವತ್ತು ದಿನ,
ದಿನಕ್ಕ ಹತ್ತು ಇಂಗ್ಲೀಷು ಪದ.
ಮುಂದ 'ಎಂಟು ಇಂಚು' ಅಂತ ಅಚ್ಚು,
ಹಿಂದ ಆಕಿ ಅಕ್ಷರ.
ಇಂಗ್ಲೀಷನ್ನ ಕನ್ನಡದಾಗ ಬರದಿದ್ದಳು,
ನನಗ ಓದಾಕ ಬರಲಿ ಅಂತ.

ಕೇಳವ್ವ, ಅಂತಾಳ, ನಾ ರೊಟ್ಟಿ ಬಡಿಯೂ ಮುಂದ.
ಹಿಟ್ಟಿನ ಕೈಲೆ ಚೀಟಿ ಹಿಡದು ಕೇಳ್ತೀನಿ:
ಅಬ್‌ಸ್ಟಿನೇಟ್?
"ಹಟಮಾರಿ."
ತಪ್ಪು. ಇಲ್ಲೆ 'ಮೊಂಡ' ಅಂತ ಬರದಿ.
"ಎರಡೂ ಒಂದ ಅಲ್ಲೇನ?"
ಹೆಂಗ ಒಂದ? ಹಟ ಕೂಸಿಂದು,
ಮೊಂಡತನ ನಿಮ್ಮಪ್ಪಂದು.
ಆಕಿ ನಕ್ಕೊಂತ ಚೀಟಿ ಮ್ಯಾಲ ಏನೋ ಗೀಚಿದಳು.

ಬಾರದ ಚೀಟಿ ಮುಂಜಾನೆ ಮತ್ತ ನನ್ನ ಉಡಿಯಾಗ.
ಧೂಳಿಗೆ ಬಾಯಿಗೆ ಬಟ್ಟಿ ಕಟ್ಟಿ
ಮಣಮಣ ಅಂತಿದ್ದೆ,
ಏನ ಮಂತ್ರ ಕಲ್ತಿಯವಾ, ಅಂದಳು ಮಾಬುನ್ನಿ.
ಹೇಳಿಕೊಟ್ಟೆ.
ಎರಡ ದಿನದಾಗ
ಪಂಪಣ್ಣನ ಸಪ್ಪನ ಚಾ ಇನ್‌ಸಿಪಿಡ್ ಆತು,
ಬಾಯಿಬಡಕಿ ಹುಲಿಗೆವ್ವ ಗ್ಯಾರುಲಸ್ ಆದಳು.
ಬೈಗಳ ಅನಕೊಂಡು ಆಕಿ ಒಂದಿನ ಮಾತ ಬಿಟ್ಟಳು,
ಜನ್ಮದಾಗ ಅದ ಮೊದಲು.
ತೂಕದಾಗ ನೂರು ಗ್ರಾಂ ನುಂಗೂ ಪಂಪಣ್ಣಗ
ಹೆಸರಿಡಾಕ ಎಲ್ಲಾ ಚೀಟಿ ಹರವಿದ್ವಿ.
ಸಿಗಲಿಲ್ಲ.
ಅದು ಮುಂದಿನ ವಾರ ಬರತೈತಿ, ಅಂದಳು ದಾಕ್ಷಿ.

ಫ್ರೂಗಲ್ ಬಂದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.
ಕೈ ಹಿಡದು ಖರ್ಚು ಮಾಡುವವರು, ಅಂತ ಇತ್ತು.
ಇದ್ದು ಹಿಡಿಯೂದು ಅದು.
ಇಲ್ದ ಹಿಡಿಯೂದಕ್ಕ ಏನಂತಾರ?
ಆಕಿ ಡಿಕ್ಷನರಿ ಹಾಳಿ ತಿರುವಿ ತಿರುವಿ
ಲೈಟು ಆರಿಸಿ ಮಲಗಿದಳು.
ಬಾಳ ಹೊತ್ತಿನ ಮ್ಯಾಲ ಕತ್ತಲ್ದಾಗ ಅಂದಳು:
"ಅವ್ವ, ಅದನ್ನ ಅವರು ಕೇಳಂಗಿಲ್ಲ."

ಇನ್ನೊಂದಿನ ನಾನ ಕೇಳಿದೆ, ಚೀಟಿ ಇಲ್ದ.
ಸಿಕ್ಕು ಅಂದ್ರ?
"ಟ್ಯಾಂಗಲ್."
ಸಿಕ್ಕಿತು ಅಂದ್ರ?
"ಫೌಂಡ್."
ನಮ್ಮ ಮಾತಿನ್ಯಾಗ ಇವು ಒಂದ ಮನಿ ಮಕ್ಕಳು,
ಅಲ್ಲೆ ಯಾಕ ಹಂಗ?
"ಪಾಲಾಗ್ಯಾವ ಬಿಡವ್ವ," ಅಂದು
ಮುಂದಿನ ಚೀಟಿ ಎಳಕೊಂಡಳು.

ಪರೀಕ್ಷೆ ಹುಬ್ಬಳ್ಳ್ಯಾಗ. ಬೆಳಕು ಹರಿಯೂ ಮುಂಚೆ ರೈಲು.
ತಲಿ ಬಾಚಿ ಬಿಗಿ ಜಡಿ ಹಾಕಿದೆ.
ಹಣಿಗಿಗೆ ಬಂದ ನಾಕ ಎಳಿ
ನನಗ ಗೊತ್ತಿಲ್ದ ಕಣ್ಣು ಅಳೀತು: ಇಪ್ಪತ್ತೆರಡು ಇಂಚು.
ಥೂ, ಅಂದೆ ನನಗ ನಾನ.

ರಾತ್ರಿ ಬಂದು ಚೀಲ ಒಗದು ಕುಂತಳು.
"ನಾನ್ನೂರರಾಗ ಮೂರ ಬಂದಿದ್ವವ್ವ.
ಎರಡು ಒತ್ತಿದೆ.
ಮೂರನೇದು... ಅಕ್ಷರ ಕಣ್ಮುಂದ ಬರತಾವ,
ಅರ್ಥ ಬರಲಿಲ್ಲ. ಮೆಟಿಕ್ಯುಲಸ್."

ಉಡಿ ಬಿಚ್ಚಿದೆ.
ಬೆವರಿಗೆ ಮೆತ್ತಗಾದ ಹನ್ನೆರಡು ಇಂಚಿನ ಚೀಟಿ.
ಹಿಂದ ಆಕಿ ಅಕ್ಷರ:
ಕೂದಲೆಳೆಯಷ್ಟೂ ಬಿಡದೆ ನೋಡಿ ಮಾಡುವ.

ವಾರದಿಂದ ನನ್ನ ಹತ್ರನ ಇತ್ತು ಅದು,
ಬಾಯಿಪಾಠ ಆಗಿತ್ತು, ಮಾಬುನ್ನಿಗೂ.
ನಮ್ಮನ್ನ ಕೇಳಬೇಕಿತ್ತು ಅವರು.